ಒಂದೇ ಡಬ್ಬಿಗೆ ಸುರಿದ ಮಾತ್ರೆಗಳು

ಖಾನಾಪುರದ ಆ ಮನೆಯ ಹೊಸ್ತಿಲ ಹೊರಗೆ ನಾನು ನಿಂತದ್ದು ಹನ್ನೊಂದು ನಿಮಿಷ. ಕೂತು ಮಾತಾಡಬೇಕಾದದ್ದು ಕನಿಷ್ಠ ಅರ್ಧ ಗಂಟೆ. ಒಪ್ಪಿಗೆ ಪತ್ರದಲ್ಲಿ ಬರೆದದ್ದು ಮೂವತ್ತೈದು ನಿಮಿಷ. ಈ ಮೂರು ಅಂಕಿಗಳ ನಡುವೆ ಒಬ್ಬ ಮುದುಕರ ಜೀವ ಸಿಕ್ಕಿಬಿದ್ದಿತ್ತು.

ಅದು ಕೊರೊನಾದ ಮೊದಲ ವರ್ಷದ ಮಳೆಗಾಲ. ಬೆಳಗಾವಿಯ ಆಸ್ಪತ್ರೆಯೊಂದರಲ್ಲಿ ನಾನು ಸಂಶೋಧನಾ ನರ್ಸ್. ಮಲೇರಿಯಾಕ್ಕೆ ಕೊಡುವ ಒಂದು ಹಳೆಯ ಮಾತ್ರೆಯನ್ನು ನಾವು ಪರೀಕ್ಷೆಗೆ ಹಚ್ಚಿದ್ದೆವು. ಮನೆಯಲ್ಲಿ ಒಬ್ಬರಿಗೆ ಸೋಂಕು ಬಂದರೆ ಉಳಿದವರಿಗೆ ತಗಲದಂತೆ ಅದು ತಡೆಯುತ್ತದೆಯೇ ಎಂಬುದು ಪ್ರಶ್ನೆ. ಕೆಲವರಿಗೆ ನಿಜವಾದ ಮಾತ್ರೆ; ಕೆಲವರಿಗೆ ಅದೇ ಬಣ್ಣದ, ಅದೇ ಗಾತ್ರದ, ಒಳಗೆ ಔಷಧವಿಲ್ಲದ ಖಾಲಿ ಮಾತ್ರೆ. ಯಾರಿಗೆ ಯಾವುದು ಎಂಬುದು ನನಗೂ ಗೊತ್ತಿಲ್ಲ, ಅಧ್ಯಯನದ ಮುಖ್ಯಸ್ಥರಾದ ದೊಡ್ಡ ಡಾಕ್ಟರಿಗೂ ಗೊತ್ತಿಲ್ಲ. ಸೀಸೆಯ ಮೇಲೆ ಬರೀ ಒಂದು ಅಂಕಿ. ಆ ಅಂಕಿಯ ಗುಟ್ಟು ಒಂದು ಮುಚ್ಚಿದ ಲಕೋಟೆಯಲ್ಲಿ, ಲಕೋಟೆ ಬೀರುವಿನಲ್ಲಿ. ಜೀವಕ್ಕೆ ಅಪಾಯವಾದರೆ ಮಾತ್ರ ಅದನ್ನು ಒಡೆಯಬೇಕು.

ಇದನ್ನೆಲ್ಲ ಜನರಿಗೆ ಅವರ ಮಾತಿನಲ್ಲಿ ತಿಳಿಸಿ, ಅವರಿಂದಲೇ ತಿರುಗಿ ಹೇಳಿಸಿ, ಆಮೇಲೆ ಒಪ್ಪಿಗೆ ಪತ್ರಕ್ಕೆ ಸಹಿ ಪಡೆಯುವುದು ನನ್ನ ಕೆಲಸ. ವಿವರಣೆ ಶುರುವಾದ ಹೊತ್ತು, ಮುಗಿದ ಹೊತ್ತು ಎರಡನ್ನೂ ಬರೆಯಬೇಕು. ಬರೆದದ್ದನ್ನು ಅಳಿಸುವಂತಿಲ್ಲ, ಮೇಲೆ ಬಿಳಿ ಬಣ್ಣ ಹಚ್ಚುವಂತಿಲ್ಲ. ತಪ್ಪಾದರೆ ಅದರ ಮೇಲೆ ಒಂದೇ ಒಂದು ಗೆರೆ ಎಳೆದು, ಕೆಳಗಿನ ಬರಹ ಓದಲು ಬರುವಂತೆಯೇ ಬಿಟ್ಟು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು ಸಹಿ ಹಾಕಬೇಕು. ಹೊಸದಾಗಿ ಬಂದ ಹುಡುಗಿಯರಿಗೆ ಈ ನಿಯಮವನ್ನು ನಾನೇ ಕಲಿಸುತ್ತಿದ್ದೆ, ಅದೂ ಸ್ವಲ್ಪ ಜಂಬದಿಂದ.

ಆ ವಾರ ನನ್ನ ಜಂಬವೆಲ್ಲ ಇಳಿದುಹೋಗಿತ್ತು. ದಿನವೂ ನನ್ನ ಜೊತೆ ಊಟಕ್ಕೆ ಕೂರುತ್ತಿದ್ದ ವಾರ್ಡಿನ ನರ್ಸ್ ವೆಂಟಿಲೇಟರಿನ ಮೇಲಿದ್ದಳು. ಶಹಾಪುರದ ನಮ್ಮ ಮನೆಯಲ್ಲಿ ಅಮ್ಮನಿಗೆ ದಮ್ಮು. ಕೆಲಸದಿಂದ ಬಂದವಳು ಹಿತ್ತಲಲ್ಲೇ ಸ್ನಾನ ಮಾಡಿ, ಬಟ್ಟೆಯನ್ನು ಬಿಸಿ ನೀರಿಗೆ ಹಾಕಿ, ಅಮ್ಮನ ಕೋಣೆಯ ಬಾಗಿಲಾಚೆಯಿಂದ ಮಾತಾಡುತ್ತಿದ್ದೆ. ಗಂಟಲಲ್ಲಿ ಸ್ವಲ್ಪ ಕೆರೆತವಾದರೂ ಎದೆ ಧಸಕ್ಕೆನ್ನುತ್ತಿತ್ತು. ದಿನಕ್ಕೆ ಹತ್ತು ಸಲ ಕಾಫಿ ಪುಡಿಯ ಡಬ್ಬಿ ತೆರೆದು, ವಾಸನೆ ಬರುತ್ತಿದೆಯೋ ಇಲ್ಲವೋ ಎಂದು ಮೂಸಿ ನೋಡುತ್ತಿದ್ದೆ.

ಖಾನಾಪುರದ ಆ ಮನೆಯ ಮಗ ಬೆಳಗಾವಿಯ ಉದ್ಯಮಬಾಗದ ಫೌಂಡ್ರಿಯೊಂದರಲ್ಲಿ ಅಚ್ಚು ಹಾಕುವ ಕೆಲಸಕ್ಕಿದ್ದ. ದಿನವೂ ಬೈಕಿನಲ್ಲಿ ಹೋಗಿ ಬರುವವನು. ಅವನಿಗೆ ಸೋಂಕು ಎಂದು ಗೊತ್ತಾದ ದಿನವೇ ಅವನನ್ನು ಆರೈಕೆ ಕೇಂದ್ರಕ್ಕೆ ಒಯ್ದು, ಗಲ್ಲಿಯ ಬಾಯಿಗೆ ಬಿದಿರು ಮತ್ತು ತಗಡು ಕಟ್ಟಿದ್ದರು. ಮನೆಯಲ್ಲಿ ಉಳಿದವರು ಐದು ಜನ: ಅವನ ತಾಯಿ, ತಂದೆ, ಇಬ್ಬರು ತಂಗಿಯರು, ಅಜ್ಜ. ಐವರ ಗಂಟಲು ಪರೀಕ್ಷೆಯಲ್ಲೂ ಸೋಂಕು ಕಂಡಿರಲಿಲ್ಲ. ಐವರ ಇಸಿಜಿಯನ್ನೂ ಹಿಂದಿನ ದಿನ ತೆಗೆದಾಗಿತ್ತು. ಈ ಮಾತ್ರೆ ಹೃದಯದ ಒಂದು ಬಡಿತದಲ್ಲಿನ ಒಂದು ಅಂತರವನ್ನು ಹಿಗ್ಗಿಸುತ್ತದೆ. ಅದು ಬಹಳ ಹಿಗ್ಗಿದರೆ ಹೃದಯ ತಾಳ ತಪ್ಪಿ ನಿಂತೇ ಹೋಗಬಹುದು. ನಮ್ಮ ಮಿತಿ ನಾನೂರೈವತ್ತು ಮಿಲಿಸೆಕೆಂಡು. ಅಜ್ಜನ ಅಂತರ ಮಾತ್ರೆಯಿಲ್ಲದೆಯೇ ನಾನೂರ ಅರವತ್ತೆಂಟು ಇತ್ತು. ಹಾಗಾಗಿ ಅವರನ್ನು ಅಧ್ಯಯನದಿಂದ ಬಿಟ್ಟಿದ್ದೆವು.

ಆಶಾ ಕಾರ್ಯಕರ್ತೆ ಮುಂದೆ, ನಾನು ಹಿಂದೆ. ಮಳೆ ಜೋರಾಗಿತ್ತು. ಮೈತುಂಬ ಪ್ಲಾಸ್ಟಿಕ್ ಅಂಗಿ, ಎರಡು ಮಾಸ್ಕು, ಅದರ ಮೇಲೆ ಮುಖಕ್ಕೆ ಪಾರದರ್ಶಕ ಹಾಳೆ. ನನ್ನ ಉಸಿರೇ ಹಾಳೆಗೆ ಕಟ್ಟಿ ಎದುರಿನವರು ಮಸುಕಾಗಿ ಕಾಣುತ್ತಿದ್ದರು.

“ಒಳಗ ಬರ್ರಿ ಮೇಡಂ, ಮಳ್ಯಾಗ ಯಾಕ ನಿಂತೀರಿ? ಕುಂದರ್ರಿ,” ಎಂದಳು ತಾಯಿ.

“ಬ್ಯಾಡ್ರಿ, ಇಲ್ಲೇ ಆರಾಮ ಐತಿ.”

ನಾಲ್ಕು ಪುಟದ ಪತ್ರ ಕನ್ನಡದಲ್ಲೂ ಮರಾಠಿಯಲ್ಲೂ ಇತ್ತು. ತಾಯಿಗೆ ಓದಲು ಬರುವುದು ಉರ್ದು ಮಾತ್ರ. ಹಿರಿಯ ಮಗಳು ಕನ್ನಡ ಶಾಲೆಯಲ್ಲಿ ಓದಿದವಳು. “ಆಮ್ಯಾಲೆ ಇಕಿ ಓದಿ ಹೇಳ್ತಾಳ್ರಿ, ಅದರಾಗ ಎಲ್ಲಾ ಐತಿ,” ಎಂದು ಹೊಸ್ತಿಲ ಹೊರಗಿನಿಂದಲೇ ಕೂಗಿ ಹೇಳಿ, ದಿನಕ್ಕೊಂದು ಮಾತ್ರೆ, ಊಟವಾದ ಮೇಲೆ, ಅವರವರ ಸೀಸೆ ಅವರವರಿಗೆ ಎಂದು ಮುಗಿಸಿ, ನಾಲ್ವರ ಪತ್ರಗಳಿಗೂ ಸಹಿ ಪಡೆದು, ಒಂದು ಪ್ರತಿಯನ್ನು ಅವರಿಗೇ ಬಿಟ್ಟೆ. ಮೂವತ್ತು ಮಾತ್ರೆಯ ನಾಲ್ಕು ಸೀಸೆಗಳನ್ನು ಕಟ್ಟೆಯ ಮೇಲಿಟ್ಟು ಹಿಂದೆ ಸರಿದೆ.

“ಅಬ್ಬಾಗ?” ಎಂದು ಕೇಳಿದಳು. ಮಾವನನ್ನು ಅವಳು ಕರೆಯುವುದು ಹಾಗೆ.

“ಅವರಿಗೆ ಬ್ಯಾಡ್ರಿ. ಇಸಿಜಿ ಸರಿ ಇಲ್ಲ.”

“ಅಂದ್ರ?”

“ಆಗಂಗಿಲ್ರಿ,” ಎಂದು ಹೇಳಿ ತಿರುಗಿದೆ. ಗಾಡಿಯಲ್ಲಿ ಕೂತು, ಕೈಗೆ ಸ್ಯಾನಿಟೈಸರ್ ಸುರಿದುಕೊಂಡು, ಶುರುವಾದದ್ದು ಹತ್ತು ಗಂಟೆ ಹತ್ತು ನಿಮಿಷ, ಮುಗಿದದ್ದು ಹತ್ತು ಮುಕ್ಕಾಲು ಎಂದು ಬರೆದೆ. ಗಡಿಯಾರದಲ್ಲಿ ಆಗ ಹತ್ತೂ ಇಪ್ಪತ್ತೊಂದು. ಇದು ಮೊದಲ ಸಲವೇನೂ ಆಗಿರಲಿಲ್ಲ.

ಎಂಟು ದಿನವಾದ ಮೇಲೆ ಮತ್ತೆ ಹೋದೆ. ಉಳಿದ ಮಾತ್ರೆಗಳನ್ನು ಎಣಿಸಬೇಕು, ನಾಲ್ವರ ಇಸಿಜಿ ತೆಗೆಯಬೇಕು. ಇಸಿಜಿ ತಂತ್ರಜ್ಞ ತಾನೇ ಕ್ವಾರಂಟೈನಿಗೆ ಹೋಗಿದ್ದರಿಂದ ಆ ಯಂತ್ರವೂ ನನ್ನ ಹೆಗಲಿಗೇ ಬಿದ್ದಿತ್ತು. ಸೀಸೆ ಕೊಡಿ ಎಂದರೆ ತಾಯಿ ಒಳಗೆ ಹೋಗಿ, ಖುಷಿಯಿಂದ ಒಂದು ಸ್ಟೀಲಿನ ಡಬ್ಬಿ ತಂದು ಕಟ್ಟೆಯ ಮೇಲಿಟ್ಟಳು.

“ತಗೋರಿ. ಒಂದ ದಿನಾನೂ ತಪ್ಪಿಸಿಲ್ಲ.”

“ಸೀಸೆ ಎಲ್ಲಿ?”

“ತೊಳದ ಇಟ್ಟೀನ್ರಿ. ಮಾತ್ರಿ ಎಲ್ಲಾ ಇದರಾಗ ಅದಾವು.”

ಎಣಿಸಲು ಕೂತೆ. ನೀಲಿ ತಟ್ಟೆಗೆ ಸುರಿದುಕೊಂಡು, ಚಪ್ಪಟೆ ಕಡ್ಡಿಯಿಂದ ಐದೈದಾಗಿ ಸರಿಸಿದೆ. ಎಂಬತ್ತು. ಮತ್ತೆ ಎಣಿಸಿದೆ. ಎಂಬತ್ತೇ. ನಾಲ್ಕು ಸೀಸೆ ಸೇರಿ ನೂರಿಪ್ಪತ್ತು ಇದ್ದವು. ನಾಲ್ಕು ಜನ, ಎಂಟು ದಿನ: ಮೂವತ್ತೆರಡು ಹೋಗಬೇಕಿತ್ತು. ಹೋದದ್ದು ನಲವತ್ತು. ಎಂಟು ಹೆಚ್ಚು ಹೋಗಿವೆ, ಮತ್ತು ಆದದ್ದೂ ಎಂಟೇ ದಿನ.

“ಅಜ್ಜಾರಿಗೂ ಕೊಟ್ಟೀರೇನು?”

“ಹೂಂ ಮತ್ತ. ಒಂದ ತಾಟಿನ್ಯಾಗ ಉಣ್ಣೋ ಮಂದಿ ನಾವು. ಅವರನ್ನಷ್ಟ ಬಿಟ್ಟು ನುಂಗಾಕ ಬರ್ತದೇನ್ರಿ?”

“ಕೊಡಬ್ಯಾಡ್ರಿ ಅಂತ ಹೇಳಿದ್ನೆಲ್ರಿ!” ಎಂದು ಚೀರಿದೆ. ಗಲ್ಲಿಯಲ್ಲಿ ಎರಡು ಕಿಟಕಿಗಳು ತೆರೆದುಕೊಂಡವು.

ಆಗ ಹಿರಿಯ ಮಗಳು ಮುಂದೆ ಬಂದಳು. ನಾನು ಹೋದ ಮೇಲೆ ಅವಳು ಪತ್ರ ಓದಿದ್ದಳು. ಕೆಲವರಿಗೆ ಔಷಧವಿರುವ ಮಾತ್ರೆ, ಕೆಲವರಿಗೆ ಔಷಧವಿಲ್ಲದ ಮಾತ್ರೆ ಎಂಬ ಸಾಲಿಗೆ ಬಂದಾಗ ತಾಯಿ ಅದನ್ನೇ ಎರಡು ಸಲ ಓದಿಸಿದಳಂತೆ. “ನಿಮಗ ಫೋನ್ ಹಚ್ಚಿದ್ವಿ ಮೇಡಂ, ಮೂರು ಸಲ. ನೀವು ಎತ್ತಲಿಲ್ಲ. ಅಮ್ಮಿ ಕೇಳಿದಳು, ದೊಡ್ಡಾಕಿಗೆ ಖರೇ ಔಷಧ ಬಂದು ಸಣ್ಣಾಕಿಗೆ ಖಾಲಿ ಬಂದ್ರ ನಾ ಏನ ಮಾಡ್ಲಿ ಅಂತ. ಎಲ್ಲಾ ಕೂಡಿಸಿ ಕಲಸಿಬಿಟ್ರ ಎಲ್ಲಾರಿಗೂ ಪಾಲು ಬರ್ತೈತಿ ಅಂದಳು. ದಾದಾಗ, ಅಂದ್ರ ಅಜ್ಜಗ, ಮುದುಕ ಅಂತ ನೀವು ಕೊಟ್ಟಿಲ್ಲ ಅಂದಕೊಂಡ್ವಿ.”

ಗೊತ್ತಿಲ್ಲದ ನಂಬರಿನ ಕರೆಗಳನ್ನು ನಾನು ಆ ದಿನಗಳಲ್ಲಿ ಎತ್ತುತ್ತಿರಲಿಲ್ಲ.

ಅಜ್ಜನನ್ನು ಕಟ್ಟೆಯ ಮೇಲೆ ಮಲಗಿಸಿದೆವು. ನಲವತ್ತು ವರ್ಷ ಹಂಚಿನ ಕಾರ್ಖಾನೆಯಲ್ಲಿ ಮಣ್ಣು ಅರೆಯುವ ಯಂತ್ರದ ಬಳಿ ದುಡಿದವರು. ಅದರ ಸದ್ದಿಗೆ ಕಿವಿ ಹೋಗಿತ್ತು, ಭಟ್ಟಿಯ ಹೊಗೆಗೆ ಕೆಮ್ಮು ಬಂದಿತ್ತು. ಕೈಯನ್ನು ಆದಷ್ಟು ಉದ್ದ ಚಾಚಿ, ಮುಖ ಅತ್ತ ತಿರುಗಿಸಿ, ಅವರ ಎದೆಗೆ ತಂತಿಗಳನ್ನು ಅಂಟಿಸಿದೆ. ಯಂತ್ರ ಕಾಗದ ಕಕ್ಕಿತು. ನಾನೂರ ತೊಂಬತ್ತೆರಡು.

“ಇವರು ತಗೋಳೋ ಎಲ್ಲಾ ಗುಳಿಗಿ ತಂದ ತೋರಿಸ್ರಿ,” ಎಂದೆ. ಬಿ.ಪಿ.ಗೆಂದು ಮೂತ್ರ ಹೆಚ್ಚಿಸುವ ಮಾತ್ರೆ ಬಂತು. ಅದರ ಹಿಂದೆ ಇನ್ನೊಂದು ಸ್ಟ್ರಿಪ್ ಬಂತು. ಆ ದಿನಗಳಲ್ಲಿ ಕೆಮ್ಮಿದವರೆಲ್ಲ ಅಂಗಡಿಯಲ್ಲಿ ಕೇಳಿ ತಂದು ನುಂಗುತ್ತಿದ್ದ ಆಂಟಿಬಯಾಟಿಕ್ ಅದು. ಮೂರು ಗುಳಿಗೆ ಖಾಲಿಯಾಗಿದ್ದವು. ಅದೂ ಹೃದಯದ ಅದೇ ಅಂತರವನ್ನು ಹಿಗ್ಗಿಸುವಂಥದ್ದೇ. ಎರಡೂ ಒಟ್ಟಿಗೆ ಬೀಳಬಾರದೆಂದು ನಮ್ಮ ಅಧ್ಯಯನದ ಪುಸ್ತಕದಲ್ಲಿ ದಪ್ಪಕ್ಷರದಲ್ಲಿ ಅಚ್ಚಾಗಿತ್ತು.

ಸಿಗ್ನಲ್ಲಿಗಾಗಿ ತಗಡಿನ ಆಚೆ ರಸ್ತೆಗೆ ಓಡಿ ದೊಡ್ಡ ಡಾಕ್ಟರಿಗೆ ಫೋನು ಮಾಡಿದೆ. “ಲಕೋಟೆ ಒಡೀರಿ ಸರ್,” ಎಂದೆ. ನಾಲ್ಕೂ ಸೀಸೆ ಖಾಲಿ ಮಾತ್ರೆಯವೇ ಆಗಿದ್ದರೆ ಈ ಭಯ ಅಲ್ಲಿಗೇ ಮುಗಿಯುತ್ತಿತ್ತು. ಅವರು ತಡಮಾಡಲಿಲ್ಲ. ಅರ್ಧ ಗಂಟೆಯಲ್ಲಿ ತಿರುಗಿ ಫೋನು ಬಂತು. ಎರಡು ಸೀಸೆಯಲ್ಲಿ ಔಷಧ, ಎರಡು ಖಾಲಿ. ಕಲಸಿದ ಮೇಲೆ ಅಜ್ಜ ನುಂಗಿದ ಎಂಟರಲ್ಲಿ ನಿಜವಾದವು ಒಂದೂ ಇರದಿರಬಹುದು, ಎಂಟೂ ಇರಬಹುದು. ಇದಕ್ಕೆ ಲಕೋಟೆ ಉತ್ತರ ಕೊಡಲಾರದು. “ಎಂಟೂ ಔಷಧವೇ ಅಂತ ತಿಳಿದು ನಡೀರಿ,” ಎಂದರು. ನಿಲ್ಲಿಸಿದರೂ ಆ ಔಷಧ ಮೈಬಿಟ್ಟು ಹೋಗಲು ವಾರಗಟ್ಟಲೆ ಬೇಕು.

ಹೃದ್ರೋಗ ವೈದ್ಯರು ಫೋನಿನಲ್ಲೇ ನಿಯಮ ಹೇಳಿದರು. ಮೂತ್ರದ ಮಾತ್ರೆ, ಆಂಟಿಬಯಾಟಿಕ್, ನಮ್ಮ ಮಾತ್ರೆ, ಮೂರೂ ಬಂದ್. ದಿನವೂ ಇಸಿಜಿ. ಐನೂರು ದಾಟಿದರೆ ಅಥವಾ ತಲೆ ಸುತ್ತಿದರೆ ಬೆಳಗಾವಿಗೆ ತರಬೇಕು. ಉಳಿದ ನಾಲ್ವರ ಇಸಿಜಿ ಮಿತಿಯೊಳಗೇ ಇತ್ತು; ಅವರ ಮಾತ್ರೆಯನ್ನೂ ನಿಲ್ಲಿಸಿ, ಡಬ್ಬಿಯನ್ನು ಪುರಾವೆಗೆಂದು ಜೊತೆಗೆ ಒಯ್ದೆ.

ಆ ಸಂಜೆ ನಿಯಮ ಉಲ್ಲಂಘನೆಯ ವರದಿ ಬರೆಯಬೇಕಿತ್ತು. ಕಾರಣ ಎಂಬ ಜಾಗಕ್ಕೆ ಬಂದಾಗ ಪೆನ್ನು ನಿಂತಿತು. “ಅವರದ ತಪ್ಪಲ್ಲೇನ್ರಿ ಅಕ್ಕಾರ? ಹಂಗ ಬರೀರಿ,” ಎಂದರು ಪಕ್ಕದಲ್ಲಿದ್ದ ನಮ್ಮ ಗಾಡಿಯ ಚಾಲಕರು. ನನ್ನನ್ನು ಉಳಿಸಲೆಂದೇ ಅವರು ಹೇಳಿದ್ದು. ಗಾಡಿ ಅಲ್ಲಿ ಎಷ್ಟು ಹೊತ್ತು ನಿಂತಿತ್ತು ಎಂಬುದು ಅವರಿಗೆ ಗೊತ್ತಿತ್ತು. ‘ಪೂರ್ಣ ವಿವರಣೆ ನೀಡಿದ್ದರೂ ಭಾಗವಹಿಸಿದವರು ತಪ್ಪಾಗಿ ಗ್ರಹಿಸಿದ್ದಾರೆ’ ಎಂದು ಬರೆದು ಸಹಿ ಹಾಕಿದೆ.

ಮರುದಿನ ಬೆಳಿಗ್ಗೆ ಕಟ್ಟೆಯ ಮೇಲೆ ಮತ್ತೆ ಇಸಿಜಿ ತೆಗೆದೆ. ಐನೂರ ಆರು.

ನಿಯಮ ಸ್ಪಷ್ಟವಾಗಿತ್ತು: ಕರೆದೊಯ್ಯಬೇಕು. ಆದರೆ ಎಲ್ಲಿಗೆ? ನಮ್ಮ ಹೃದ್ರೋಗ ವಾರ್ಡೇ ಆಗ ಕೊರೊನಾ ವಾರ್ಡಾಗಿತ್ತು. ಸೀಲಾದ ಮನೆಯಿಂದ ಬಂದವರನ್ನು ಮೊದಲು ಶಂಕಿತರ ವಾರ್ಡಿಗೇ ಹಾಕುತ್ತಿದ್ದರು. ಅಲ್ಲಿ ಹಾಸಿಗೆಗಳ ನಡುವೆ ಮೂರು ಹೆಜ್ಜೆ ಅಂತರ. ಯಾರಿಗೆ ಸೋಂಕಿದೆ, ಯಾರಿಗಿಲ್ಲ ಎಂಬುದು ಯಾರಿಗೂ ತಿಳಿಯದು. ಸೋಂಕಿಲ್ಲದ ಎಪ್ಪತ್ತು ದಾಟಿದ ಮುದುಕರನ್ನು ಅಲ್ಲಿ ಮಲಗಿಸುವುದು ಎಂದರೇನು ಎಂದು ನನಗಿಂತ ಚೆನ್ನಾಗಿ ಬಲ್ಲವರು ಯಾರು?

ತಾಯಿ ಚೀಲಕ್ಕೆ ಅಜ್ಜನ ಲುಂಗಿ, ಟವೆಲು ತುಂಬತೊಡಗಿದ್ದಳು. ಅಜ್ಜ ಕಟ್ಟೆಯ ಕಂಬ ಹಿಡಿದುಕೊಂಡರು.

“ನಾ ಬರಂಗಿಲ್ಲ. ಬಾಜೂ ಗಲ್ಲಿಯವ ತನ್ನ ಕಾಲಿಲೆ ನಡ್ಕೋತ ಹೋಗಿ ಗಾಡಿ ಹತ್ತಿದ. ಮುಂದ ಅವನ ಮಾರಿ ಸುದ್ದಾ ಯಾರಿಗೂ ತೋರಿಸ್ಲಿಲ್ಲ.”

ಕಾಗದದ ಫೋಟೋ ತೆಗೆದು ಹೃದ್ರೋಗ ವೈದ್ಯರಿಗೆ ಕಳಿಸಿದೆ. “ಯಂತ್ರದ ಅಂಕಿ ನಂಬಬೇಡಿ,” ಎಂದರು. “ಗೆರೆಯ ಬಾಲಕ್ಕೆ ಇನ್ನೊಂದು ಸಣ್ಣ ಅಲೆ ಅಂಟಿಕೊಂಡಿದೆ ನೋಡಿ, ಯಂತ್ರ ಅದನ್ನೂ ಸೇರಿಸಿ ಅಳೆದಿರಬಹುದು. ಮೂತ್ರದ ಮಾತ್ರೆಯಿಂದ ರಕ್ತದಲ್ಲಿನ ಪೊಟ್ಯಾಸಿಯಂ ಎಂಬ ಲವಣ ಇಳಿದರೆ ಹಾಗಾಗುತ್ತದೆ. ಸ್ಕೇಲು ಇಟ್ಟು ಕೈಯಿಂದ ಅಳೆಯಿರಿ.”

ಇಸಿಜಿ ಕಾಗದದ ಒಂದು ಸಣ್ಣ ಚೌಕ ಒಂದು ಮಿಲಿಮೀಟರು. ಎಂದರೆ ನಲವತ್ತು ಮಿಲಿಸೆಕೆಂಡು. ಹನ್ನೆರಡೂವರೆ ಚೌಕವಾದರೆ ಐನೂರು. ನಾಡಿ ಅರವತ್ತರ ಆಸುಪಾಸು ಇದ್ದುದರಿಂದ ಬೇರೆ ಲೆಕ್ಕ ಬೇಕಿರಲಿಲ್ಲ. ಗಾಡಿಯ ಬಾನೆಟ್ಟಿನ ಮೇಲೆ ಕಾಗದ ಹರಡಿ, ಚಾಲಕರು ಕೊಡೆ ಹಿಡಿದಿರಲು, ಮೂರು ಬಡಿತಗಳನ್ನು ಅಳೆದೆ. ಮೂರರಲ್ಲೂ ಅಂತರ ಹನ್ನೆರಡು ಚೌಕ ದಾಟಿತ್ತು, ಹನ್ನೆರಡೂವರೆ ಮುಟ್ಟಿರಲಿಲ್ಲ. ಅರ್ಧ ಮಿಲಿಮೀಟರಿನೊಳಗೆ ಎಲ್ಲೋ ಒಂದು ಕಡೆ. ಮುಖದ ಹಾಳೆ ಮಸುಕಾಗಿದೆಯೆಂದು ಅದನ್ನು ಕಿತ್ತೆಸೆದು ಮತ್ತೆ ಅಳೆದೆ. ಅಷ್ಟೇ ಬಂತು.

“ತಂದರೂ ಅಪಾಯ, ಬಿಟ್ಟರೂ ಅಪಾಯ,” ಎಂದರು ವೈದ್ಯರು. “ಪೊಟ್ಯಾಸಿಯಂ ಕೊಟ್ಟು, ಗಂಟೆಗೊಮ್ಮೆ ಇಸಿಜಿ ತೆಗೆದು, ಮಧ್ಯಾಹ್ನದವರೆಗೆ ಅವರ ಪಕ್ಕದಲ್ಲೇ ಕೂತು ನಾಡಿ ನೋಡುವವರು ಇದ್ದರೆ ಅಲ್ಲೇ ಇಡಬಹುದು. ಹಾಗೆ ಕೂರುವವರು ಯಾರಾದರೂ ಇದ್ದಾರಾ? ನೀವು ಎದುರಿಗಿದ್ದೀರಿ, ನೀವೇ ಹೇಳಬೇಕು.”

ಗಾಡಿಗೆ ಹಾಕಿ ಕಳಿಸಿದ್ದರೆ ನನ್ನ ಜವಾಬ್ದಾರಿ ಅಲ್ಲಿಗೆ ಮುಗಿಯುತ್ತಿತ್ತು. ನಿಯಮ ಪಾಲಿಸಿದೆ ಎಂದು ನಾಳೆ ಯಾರ ಮುಂದೆ ಬೇಕಾದರೂ ಹೇಳಬಹುದಿತ್ತು. ಆದರೆ ಆ ವಾರ್ಡಿನ ಮೂರು ಹೆಜ್ಜೆ ಕಣ್ಣ ಮುಂದೆಯೇ ಇತ್ತು. ಅಮ್ಮನ ಮುಖವೂ ಇತ್ತು. “ಇದ್ದಾರೆ ಸರ್,” ಎಂದೆ.

ಕಟ್ಟೆಯ ಮೇಲೆ ಇರಿಚಲು ಬೀಳುತ್ತಿತ್ತು, ಯಂತ್ರಕ್ಕೆ ಕರೆಂಟೂ ಬೇಕಿತ್ತು. ಹಾಗಾಗಿ ಹೊಸ್ತಿಲು ದಾಟಿದೆ. ರಕ್ತ ತೆಗೆದು ಐಸ್ ಡಬ್ಬಿಯಲ್ಲಿಟ್ಟು ಚಾಲಕರ ಕೈಗೆ ಕೊಟ್ಟೆ. ಅವರು ಬೆಳಗಾವಿಯ ಕಡೆ ಗಾಡಿ ಬಿಟ್ಟರು. ಆಶಾ ಕಾರ್ಯಕರ್ತೆ ಓಡಾಡಿ ಗಲ್ಲಿಯ ಬಾಯಿಗೆ ಒಂದು ಆಂಬುಲೆನ್ಸ್ ತಂದು ನಿಲ್ಲಿಸಿದಳು, ಔಷಧದ ಅಂಗಡಿಯಿಂದ ಪೊಟ್ಯಾಸಿಯಂ ಸಿರಪ್ಪೂ ತಂದಳು. ವೈದ್ಯರು ಹೇಳಿದಷ್ಟನ್ನು ಅಳೆದು ನೀರಿನಲ್ಲಿ ಬೆರೆಸಿ ಅಜ್ಜನಿಗೆ ಕುಡಿಸಿದೆ. “ಥೂ, ಇದಕ್ಕಿಂತ ನಿಮ್ಮ ಖಾಲಿ ಗುಳಿಗಿ ಪಾಡ ಇತ್ತು,” ಎಂದು ಮುಖ ಕಿವುಚಿದರು.

ನಾನು ಅವರ ಮಂಚದ ಪಕ್ಕ ನೆಲಕ್ಕೆ ಕೂತು ಮಣಿಕಟ್ಟು ಹಿಡಿದುಕೊಂಡೆ. ಎರಡನೆಯ ಗಂಟೆ ನಡೆದಿತ್ತು. ಅಜ್ಜ ಏನೋ ಹೇಳುತ್ತಿದ್ದವರು ಅರ್ಧಕ್ಕೇ ನಿಲ್ಲಿಸಿದರು. ತಲೆ ಪಕ್ಕಕ್ಕೆ ವಾಲಿತು. ಬೆರಳಿನಡಿ ನಾಡಿ ಸಿಗಲಿಲ್ಲ. ಜಾಗ ಬದಲಿಸಿದೆ, ಅಲ್ಲೂ ಸಿಗಲಿಲ್ಲ. ಎರಡು ಪದರದ ಕೈಗವಸುಗಳನ್ನು ಹಲ್ಲಿನಿಂದ ಎಳೆದು ಕಿತ್ತು, ಬರಿಗೈಯನ್ನು ಅವರ ಕೊರಳಿಗೆ ಒತ್ತಿದೆ. ಅಲ್ಲಿತ್ತು; ನಿಧಾನವಾಗಿ, ಸಮನಾಗಿ. ಅವರಿಗೆ ನಿದ್ದೆ ಹತ್ತಿತ್ತು. ತಾಯಿ ಬಾಗಿಲಲ್ಲಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದಳು. “ನಿದ್ದಿ ಹತ್ತೇದ್ರಿ,” ಎಂದೆ. ಇಬ್ಬರೂ ಅಲ್ಲೇ ಕೂತು ಅತ್ತೆವು. ಹಲ್ಲಿಗೆ ಕೈಗವಸು ತಾಗಿಸಿದೆನಲ್ಲ, ಮಾಸ್ಕು ಸರಿಸಿದೆನಲ್ಲ ಎಂಬ ಭಯ ಶುರುವಾದದ್ದು ಆಮೇಲೆ.

ಮಧ್ಯಾಹ್ನ ಅವರು ನೆಲಕ್ಕೆ ಬಟ್ಟೆ ಹಾಸಿ, ದೊಡ್ಡ ತಾಟಿನಲ್ಲಿ ಅನ್ನ ಸಾರು ಹಾಕಿಕೊಂಡು ಸುತ್ತ ಕೂತರು. ಒಂದೇ ತಾಟು, ಐದು ಕೈ. ಮೆತ್ತಗಿನ ತುತ್ತು ಅಜ್ಜನ ಕಡೆ ಸರಿಯುತ್ತಿತ್ತು, ಕಿರಿಯವಳ ಕಡೆಗೂ ಸರಿಯುತ್ತಿತ್ತು. ಸೋಂಕು ಹರಡುವ ಬಗೆ ಬಲ್ಲ ನನಗೆ ಅದನ್ನು ನೋಡಿ ಮೈ ಜುಮ್ಮೆಂದಿತು. ಇಂಥ ಮನೆಗೆ ನಾಲ್ಕು ಬೇರೆ ಬೇರೆ ಸೀಸೆ ತಂದಿಟ್ಟು, ನಿನ್ನದು ನಿನಗೆ, ಅವಳದು ಅವಳಿಗೆ ಎಂದು ಬಾಗಿಲಿನಿಂದ ಕೂಗಿ ಹೋದದ್ದು ನಾನು.

ಊಟವಾದ ಮೇಲೆ ಪತ್ರ ತೆಗೆದು ಮೊದಲಿನಿಂದ ಹೇಳಿದೆ. ಖಾಲಿ ಮಾತ್ರೆ ಯಾಕೆ ಬೇಕು, ಯಾರಿಗೆ ಯಾವುದು ಎಂಬುದನ್ನು ಚೀಟಿ ಎತ್ತಿದಂತೆ ಹೇಗೆ ನಿರ್ಧರಿಸುತ್ತಾರೆ, ಅಜ್ಜನಿಗೆ ಯಾಕೆ ಬೇಡ ಎಂದೆ. ಹೃದಯದ ಗೆರೆಯನ್ನು ಕಾಗದದ ಮೇಲೆ ತೋರಿಸಿದೆ. ಮುಕ್ಕಾಲು ಗಂಟೆ ಹಿಡಿಯಿತು. ತಾಯಿ ಎಲ್ಲ ಕೇಳಿ ಕೊನೆಗೆ ಹೇಳಿದಳು:

“ಇಷ್ಟ ಇದ್ರ ಮನಿಗೊಂದು ಚೀಟಿ ಎತ್ತಬೇಕಾಗಿತ್ತಲ್ರಿ. ಕೊಟ್ರ ಮನಿ ಮಂದಿಗೆಲ್ಲಾ ಖರೇದು ಕೊಡ್ರಿ, ಇಲ್ಲಂದ್ರ ಎಲ್ಲಾರಿಗೂ ಖಾಲಿ ಕೊಡ್ರಿ. ಮತ್ತೊಂದು ಮನಿಗೆ ಇನ್ನೊಂದು. ಒಂದ ಮನ್ಯಾಗ ಭೇದ ಯಾಕ ಮಾಡ್ತೀರಿ? ಹಂಗ ಮಾಡಿದ್ರ ಯಾವ ತಾಯೀನೂ ಮಾತ್ರಿ ಕಲಸಾಕಿನ.”

ಹಾಗೆ ಮಾಡುವ ಕ್ರಮ ನಮ್ಮ ವಿದ್ಯೆಯಲ್ಲಿ ಇದ್ದೇ ಇದೆ. ಅದಕ್ಕೆ ಹೆಚ್ಚು ಮನೆಗಳು ಬೇಕಾಗುತ್ತವೆ ಎಂದು ನಾವು ಬಿಟ್ಟಿದ್ದೆವು.

ಬೆಳಗಾವಿಯಿಂದ ಫೋನು ಬಂತು. ವೈದ್ಯರ ಊಹೆ ಸರಿಯಾಗಿತ್ತು, ಪೊಟ್ಯಾಸಿಯಂ ಬಹಳ ಇಳಿದಿತ್ತು. ನಾಲ್ಕನೆಯ ಗಂಟೆಯ ಕಾಗದದಲ್ಲಿ ನನ್ನ ಸ್ಕೇಲು ಹನ್ನೆರಡು ಚೌಕಕ್ಕೆ ಬಂದು ನಿಂತಿತು. ಆಂಬುಲೆನ್ಸನ್ನು ಸಂಜೆ ಕಳಿಸಿದೆವು.

ಆಮೇಲೆ ಹತ್ತು ದಿನ, ದಿನವೂ ಹೋದೆ. ಮನೆಗೆ ಹೋಗಲು ಧೈರ್ಯ ಸಾಲದೆ ಹಾಸ್ಟೆಲಿನ ಒಂದು ಕೋಣೆಯಲ್ಲಿ ಮಲಗುತ್ತಿದ್ದೆ. ಅಮ್ಮ ಫೋನಿನಲ್ಲಿ ಕೆಮ್ಮಿದರೆ ನಿದ್ದೆ ಹಾರಿಹೋಗುತ್ತಿತ್ತು. ಬೆಳಿಗ್ಗೆ ಖಾನಾಪುರದ ರಸ್ತೆ ಹಿಡಿದರೆ ಆ ಗಲ್ಲಿ ಬರುವವರೆಗೆ ಒಂದೇ ಯೋಚನೆ: ಇವತ್ತು ಬಾಗಿಲಲ್ಲಿ ಚಪ್ಪಲಿಗಳು ಹೆಚ್ಚಿಗೆ ಬಿದ್ದಿರಬಾರದು. ಗೆರೆ ಒಂದು ದಿನ ಇಳಿಯುತ್ತಿತ್ತು, ಮರುದಿನ ಅಲ್ಲೇ ನಿಲ್ಲುತ್ತಿತ್ತು, ಒಂದು ದಿನ ಮತ್ತೆ ಏರಿ ನನ್ನನ್ನು ಸಾಯಿಸಿತು. ನನ್ನ ಗಂಟಲು ಪರೀಕ್ಷೆಯನ್ನು ಎರಡು ಸಲ ಮಾಡಿದರು, ಎರಡೂ ಸಲ ಏನೂ ಬರಲಿಲ್ಲ. ವೆಂಟಿಲೇಟರಿನಲ್ಲಿದ್ದ ನನ್ನ ಗೆಳತಿ ಆ ಹತ್ತು ದಿನಗಳಲ್ಲೇ ತೀರಿಕೊಂಡಳು. ಅವಳ ಮುಖವನ್ನೂ ಯಾರಿಗೂ ತೋರಿಸಲಿಲ್ಲ.

ಕೊನೆಯ ದಿನ ಗೆರೆ ನಾನೂರ ಎಪ್ಪತ್ತಕ್ಕೆ ಬಂತು. ಅದು ಅಜ್ಜನ ಹಳೆಯ ಅಂಕಿಗಿಂತ ಎರಡು ಮಾತ್ರ ಹೆಚ್ಚು. ಇನ್ನು ವಾರಕ್ಕೊಮ್ಮೆ ನೋಡಿದರೆ ಸಾಕೆಂದರು ವೈದ್ಯರು. ಅಂಟಿಸಿದ ತಂತಿಗಳನ್ನು ಒಂದೊಂದಾಗಿ ಬಿಡಿಸುತ್ತಿದ್ದೆ. ಮಗನೂ ಆರೈಕೆ ಕೇಂದ್ರದಿಂದ ಬಂದಿದ್ದ. ಹೆಣ್ಣುಮಕ್ಕಳು ನಗುತ್ತಿದ್ದರು.

“ಮೇಡಂ, ಖರೇ ಹೇಳ್ರಿ, ನಾ ನುಂಗಿದ್ದು ಔಷಧನೋ ಖಾಲೀನೋ?” ಎಂದು ಅಜ್ಜ ಕೇಳಿದರು.

ಅವರ ಕಿವಿಯ ಹತ್ತಿರ ಬಗ್ಗಿ ಹೇಳಿದೆ: “ನಮಗೂ ಗೊತ್ತಿಲ್ರಿ ಅಜ್ಜಾರ.”

“ಹೌದ? ಮೊಮ್ಮಗಳು ಅಂತಾಳ, ನಿಮಗೂ ಗೊತ್ತಿರಂಗಿಲ್ಲ ಅಂತ ಆ ಕಾಗದದಾಗ ಮೊದಲ ದಿನದಿಂದನ ಬರದೈತಿ ಅಂತ.” ಅಂಗಿಯ ಗುಂಡಿ ಹಾಕಿಕೊಳ್ಳುತ್ತಾ ಅವರು ಮುಂದುವರಿಸಿದರು, ದೂರಿನ ದನಿಯೇನೂ ಇರಲಿಲ್ಲ. “ಅವತ್ತ ನನಗೇನೂ ಕೇಳಿಸಿರಲಿಲ್ಲ. ನೀವು ಹೊರಗ ನಿಂತಿದ್ರಿ. ಇಷ್ಟ ಹತ್ರ ಬಂದು ಹೇಳಿದ್ರ ನಾನ ಬ್ಯಾಡ ಅಂತಿದ್ನಿ.”

ಗಾಡಿಗೆ ಬಂದು ಕೂತೆ. ಕಡತ ಬಿಚ್ಚಿ ಆ ಮನೆಯ ನಾಲ್ಕು ಒಪ್ಪಿಗೆ ಪತ್ರಗಳನ್ನೂ ನನ್ನ ವರದಿಯನ್ನೂ ತೊಡೆಯ ಮೇಲಿಟ್ಟುಕೊಂಡೆ. ಚಾಲಕರು ಕನ್ನಡಿಯಲ್ಲಿ ನೋಡಿದರು. ಗಾಡಿ ಬಂದ್ ಮಾಡಿದರು. ಹತ್ತು ಮುಕ್ಕಾಲು ಎಂದಿದ್ದ ಕಡೆ ಒಂದು ಗೆರೆ ಎಳೆದು, ಪಕ್ಕದಲ್ಲಿ ಹತ್ತೂ ಇಪ್ಪತ್ತೊಂದು ಎಂದು ಬರೆದು, ಸಹಿ ಮಾಡಿದೆ. ನಾಲ್ಕು ಪತ್ರ, ನಾಲ್ಕು ಸಹಿ. ವರದಿಯ ಕಾರಣದ ಮೇಲೂ ಗೆರೆ ಎಳೆದೆ. ‘ವಿವರಣೆ ಹನ್ನೊಂದು ನಿಮಿಷ. ಹೆದರಿ ಹೊರಗೆ ನಿಂತಿದ್ದೆ. ಖಾಲಿ ಮಾತ್ರೆಯ ವಿಷಯ ಹೇಳಲಿಲ್ಲ,’ ಎಂದು ಬರೆದೆ.

ಮರುದಿನ ದೊಡ್ಡ ಡಾಕ್ಟರ ಮೇಜಿನ ಮೇಲೆ ಇಟ್ಟೆ. ಅವರು ಓದಿ, ಕನ್ನಡಕ ತೆಗೆದು, “ಇಂಥವು ಇನ್ನೆಷ್ಟು ಮನೆ?” ಎಂದು ಕೇಳಿದರು. ಹೇಳಿದೆ. ಆ ಎಲ್ಲ ಮನೆಗಳಿಗೂ ಬೇರೆಯವರು ಹೋಗಿ ಮೊದಲಿನಿಂದ ವಿವರಿಸಿ ಬಂದರು. ನನ್ನನ್ನು ಕೆಲವು ತಿಂಗಳು ಕಡತ ಜೋಡಿಸಲು ಕೂರಿಸಿದರು. ಅದು ನನಗೆ ಸಿಗಬೇಕಾದದ್ದೇ. ಇಂಥ ಅಧ್ಯಯನಗಳಿಗೆ ಅನುಮತಿ ಕೊಡುವ ನೈತಿಕ ಸಮಿತಿಗೆ ಹೋದ ತಿದ್ದುಪಡಿಯಲ್ಲಿ ಇನ್ನು ಮುಂದೆ ಮನೆಗೊಂದು ಚೀಟಿ ಎಂದು ಬರೆದಿತ್ತು. ಅದನ್ನು ಹೇಳಿದವಳ ಹೆಸರಿಗೆ ಅಂಥ ಕಾಗದದಲ್ಲಿ ಜಾಗವಿರುವುದಿಲ್ಲ.

ಕೊನೆಗೆ ಲೆಕ್ಕವೆಲ್ಲ ಬಂದಾಗ ಮಾತ್ರೆ ತಿಂದವರಿಗೂ ಖಾಲಿ ತಿಂದವರಿಗೂ ವ್ಯತ್ಯಾಸವೇನೂ ಕಾಣಲಿಲ್ಲ. ಸೋಂಕನ್ನು ಅದು ತಡೆಯಲಿಲ್ಲ. ಆ ಮನೆಯಲ್ಲಿ ಅದು ಏನಾದರೂ ಮಾಡಿದ್ದರೆ ಒಬ್ಬ ಮುದುಕರ ಹೃದಯದ ಗೆರೆಯನ್ನು ಹಿಗ್ಗಿಸಿದ್ದಷ್ಟೇ, ಅದೂ ಖಾತ್ರಿಯಿಲ್ಲ.

ಸ್ಟೀಲಿನ ಡಬ್ಬಿಯನ್ನು ಪುರಾವೆಯಾಗಿ ಕಾದಿಡುವ ಅವಧಿ ಮುಗಿದ ಮೇಲೆ ತೊಳೆದು ನಾನೇ ಒಯ್ದು ಕೊಟ್ಟೆ. ತಾಯಿ ಅದರಲ್ಲಿ ಅವಲಕ್ಕಿ ತುಂಬಿ ನನಗೇ ತಿರುಗಿ ಕೊಟ್ಟಳು. ಅಜ್ಜ ಕಟ್ಟೆಯ ಮೇಲೆ ಕೂತು ಕೆಮ್ಮುತ್ತಿದ್ದರು. ಕೆಮ್ಮು ಕೇಳಿದರೆ ನನ್ನ ಎದೆ ಈಗಲೂ ಹಾರುತ್ತದೆ.

ಆ ಕಡತ ನಮ್ಮ ಬೀರುವಿನಲ್ಲಿದೆ. ಹೊಸಬರಿಗೆ ತಿದ್ದುವ ನಿಯಮ ಕಲಿಸುವಾಗ ನಾನು ಅದನ್ನೇ ತೆಗೆದು ತೋರಿಸುತ್ತೇನೆ. ನಾನು ಎಳೆದದ್ದು ನಿಯಮದಂತೆ ಒಂದೇ ಗೆರೆ. ಅದರ ಕೆಳಗಿನ ಹತ್ತು ಮುಕ್ಕಾಲನ್ನು ಯಾರು ಬೇಕಾದರೂ ಓದಬಹುದು.